ತಂತ್ರಜ್ಞಾನ ಎಂಬ ಪದದ ಮರೆಯಲ್ಲಿ

ಎರಡು ವರ್ಷಗಳ ಹಿಂದೆ ನಮ್ಮ ವಿಭಾಗದ ಸೂಚನಾ ಫಲಕದಲ್ಲಿ ಒಂದು ಕಾಗದ ಕಾಣಿಸಿಕೊಂಡಿತು. ‘ತಾಂತ್ರಿಕ ಕಾರಣಗಳಿಂದಾಗಿ ಸಂಶೋಧನಾರ್ಥಿಗಳ ಶಿಷ್ಯವೇತನ ಬಿಡುಗಡೆ ವಿಳಂಬವಾಗಿದೆ’ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಸಹಿ ಇರಲಿಲ್ಲ. ಮೊದಲ ತಿಂಗಳು ಅದನ್ನು ಓದಿ ಸುಮ್ಮನಾದೆವು. ಮೂರನೆಯ ತಿಂಗಳು ಅದರ ಬಗ್ಗೆ ತಮಾಷೆ ಮಾಡಿದೆವು. ಆರನೆಯ ತಿಂಗಳ ಹೊತ್ತಿಗೆ ಮೆಸ್ಸಿನ ಬಾಕಿ ತೀರಿಸಲು ಸಾಲ ಹುಡುಕುತ್ತಿದ್ದೆವು.

ನನ್ನ ಕೋಣೆಯಲ್ಲಿದ್ದ ಗೆಳೆಯ ಇಳಕಲ್ಲಿನವನು. ಅವನ ಅಪ್ಪ ಮಗ್ಗದಲ್ಲಿ ಕೂರುತ್ತಾರೆ, ಅವ್ವ ಲಾಳಿಗೆ ನೂಲು ಸುತ್ತಿ ಕೊಡುತ್ತಾರೆ. ಶಿಷ್ಯವೇತನದಲ್ಲಿ ಅಷ್ಟಿಷ್ಟು ಉಳಿಸಿ ಮನೆಗೆ ಕಳಿಸುತ್ತಿದ್ದವನು ಅವನು. ಕಚೇರಿಯಿಂದ ಕಚೇರಿಗೆ ಅಲೆದ. ಒಂದು ಕಡೆ ‘ಸಿಸ್ಟಂ ತಗೊಳ್ತಾ ಇಲ್ಲ’ ಎಂದರು. ಇನ್ನೊಂದು ಕಡೆ ‘ಪೋರ್ಟಲ್ ಪ್ರಾಬ್ಲಂ, ನಮ್ಮ ಕೈಲಿಲ್ಲ’ ಎಂದರು. ಎಂಟನೆಯ ತಿಂಗಳು ನಿಜ ಸಂಗತಿ ಹೊರಬಿತ್ತು. ಬಿಲ್ಲಿಗೆ ಅನುಮೋದನೆ ಕೊಡಬೇಕಿದ್ದ ಅಧಿಕಾರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರ ಡಿಜಿಟಲ್ ಸಹಿಯನ್ನು ನೋಂದಾಯಿಸಲು ಒಂದು ಅರ್ಜಿ ಕಳಿಸಬೇಕಿತ್ತು. ಅದನ್ನು ಯಾರೂ ಕಳಿಸಿರಲಿಲ್ಲ. ಅಷ್ಟೆ. ಆ ಹೊತ್ತಿಗೆ ಗೆಳೆಯ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಊರಿನ ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ. ಫೋನು ಮಾಡಿ ವಿಷಯ ತಿಳಿಸಿದಾಗ ಅವನು ಹೇಳಿದ್ದು ಇಷ್ಟು: ‘ಯಾರ ಮ್ಯಾಲೆ ಸಿಟ್ಟ ಮಾಡ್ಕೋಬೇಕು ಅನ್ನೂದಾದ್ರೂ ಆವಾಗ ಗೊತ್ತಾಗಿದ್ರ ಸಾಕಿತ್ತು ಬಿಡು.’

ಆ ಮಾತು ನನ್ನನ್ನು ಬಿಡಲಿಲ್ಲ. ಒಬ್ಬ ಮನುಷ್ಯ ಮಾಡದೆ ಬಿಟ್ಟ ಕೆಲಸಕ್ಕೆ ‘ತಾಂತ್ರಿಕ ಕಾರಣ’ ಎಂಬ ಹೆಸರು ಹೇಗೆ ಬಂತು? ಆ ಹೆಸರು ಕೇಳಿದೊಡನೆ ನಾವೆಲ್ಲ, ಓದು ಬರಹ ಬಲ್ಲವರು, ಮಳೆ ಬಂದರೆ ಸೂರಿನ ಕೆಳಗೆ ನಿಲ್ಲುವ ಹಾಗೆ ಸುಮ್ಮನೆ ನಿಂತಿದ್ದೇಕೆ? ಉತ್ತರ ಹುಡುಕುತ್ತ ಹೋದಾಗ ನಾನು ತಲುಪಿದ್ದು ಒಂದು ಪದದ ಚರಿತ್ರೆಗೆ.

*

ಟೆಕ್ನಾಲಜಿ ಎಂಬ ಪದದ ಮೊದಲರ್ಧ ಗ್ರೀಕಿನ ‘ಟೆಕ್ನೆ’. ಕಸುಬು, ಕುಶಲತೆ, ಒಂದನ್ನು ಸರಿಯಾಗಿ ಮಾಡುವ ಅರಿವು ಎಂದು ಅದರ ಅರ್ಥ. ಬಡಗಿ, ವೈದ್ಯ, ಹಡಗು ನಡೆಸುವವನು, ಭಾಷಣಕಾರ ಎಲ್ಲರಿಗೂ ಅವರವರ ಟೆಕ್ನೆ ಇತ್ತು. ಗ್ರೀಕಿನಲ್ಲಿ ಬಡಗಿಗೆ ‘ಟೆಕ್ಟೋನ್’ ಎನ್ನುತ್ತಿದ್ದರು. ಸಂಸ್ಕೃತದಲ್ಲಿ ಬಡಗಿಗೆ ‘ತಕ್ಷ’ ಎಂಬ ಹೆಸರಿದೆ. ಎರಡೂ ಒಂದೇ ಮೂಲದ ಕವಲುಗಳು. ಲ್ಯಾಟಿನ್ನಿನಲ್ಲಿ ನೇಯುವುದು ಎಂಬರ್ಥದ ಕ್ರಿಯಾಪದವೂ ಇದೇ ಬೇರಿನದು. ಇಂಗ್ಲಿಷಿನ ಟೆಕ್ಸ್‌ಟೈಲ್, ಟೆಕ್ಸ್ಟ್ ಎರಡೂ ಅಲ್ಲಿಂದ ಬಂದವು. ಬಟ್ಟೆಗೂ ಪಠ್ಯಕ್ಕೂ ಟೆಕ್ನಾಲಜಿಗೂ ಅಜ್ಜಿ ಒಬ್ಬಳೇ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಟೆಕ್ನೆಯನ್ನು ವಿವರಿಸುತ್ತ ಒಂದು ಮುಖ್ಯ ಮಾತನ್ನು ಹೇಳುತ್ತಾನೆ. ಗಿಡ ಬೆಳೆಯುವುದು ತನ್ನೊಳಗಿನ ಕಾರಣದಿಂದ. ಮನೆ ಹಾಗಲ್ಲ, ಅದರ ಮೂಲ ಇರುವುದು ಕಟ್ಟಿದವನಲ್ಲಿ, ಕಟ್ಟಿದ ವಸ್ತುವಿನಲ್ಲಲ್ಲ. ಹಾಗಾಗಿ ಟೆಕ್ನೆ ಎಂದರೆ ಗ್ರೀಕರಿಗೆ ಸಲಕರಣೆ ಆಗಿರಲಿಲ್ಲ. ಅದು ಮಾಡುವವನ ಕೈಯಲ್ಲಿ, ಬುದ್ಧಿಯಲ್ಲಿ ಇರುವ ಒಂದು ಹದ. ಈ ಟೆಕ್ನೆಗೆ ‘ಲೋಗೋಸ್’ ಸೇರಿ ಹುಟ್ಟಿದ ಸಂಯುಕ್ತ ಪದ ಆಗ ಹೆಚ್ಚಾಗಿ ಬಳಕೆಯಾದದ್ದು ಭಾಷಣಕಲೆ ಮತ್ತು ವ್ಯಾಕರಣವನ್ನು ಕ್ರಮಬದ್ಧವಾಗಿ ವಿವರಿಸುವುದಕ್ಕೆ. ಅಂದರೆ ಮೊದಮೊದಲ ಟೆಕ್ನಾಲಜಿ ತಜ್ಞರು ಭಾಷೆಯ ಮೇಷ್ಟರು. ಸಾಹಿತ್ಯ ಓದುವವರಿಗೆ ಕೆಲಸ ಸಿಗದ ಈ ಕಾಲದಲ್ಲಿ ಇದನ್ನು ನೆನೆದರೆ ಸ್ವಲ್ಪ ಸಮಾಧಾನವಾಗುತ್ತದೆ.

ನಾವು ಇದಕ್ಕೆ ಆರಿಸಿಕೊಂಡ ಪದ ‘ತಂತ್ರಜ್ಞಾನ’. ತಂತ್ರ ಎಂಬುದು ‘ತನ್’ ಎಂಬ ಧಾತುವಿನಿಂದ ಬಂದದ್ದು; ಎಳೆ, ಹರಡು, ಹಿಗ್ಗಿಸು ಎಂದು ಅರ್ಥ. ತಂತು, ತಂತಿ ಅದರ ಒಡಹುಟ್ಟುಗಳು. ವೇದದ ಭಾಷೆಯಲ್ಲಿ ತಂತ್ರ ಎಂದರೆ ಮಗ್ಗ, ಮಗ್ಗದ ಮೇಲೆ ಹಾಸಿದ ನೂಲು. ಗ್ರೀಕಿನ ಬೇರಿಗೂ ಇದಕ್ಕೂ ರಕ್ತಸಂಬಂಧ ಇಲ್ಲ, ಆದರೂ ಎರಡೂ ಮಗ್ಗದ ಹತ್ತಿರವೇ ಬಂದು ನಿಲ್ಲುತ್ತವೆ. ಹಾಸು ಭದ್ರವಾಗಿದ್ದರೆ ತಾನೆ ಹೊಕ್ಕು ಓಡಾಡುವುದು? ಈ ಹಾಸಿನ ಕಲ್ಪನೆಯಿಂದಲೇ ತಂತ್ರಕ್ಕೆ ಚೌಕಟ್ಟು, ಶಾಸ್ತ್ರ, ಆಡಳಿತ, ಉಪಾಯ ಎಂಬ ಅರ್ಥಗಳು ಒಂದೊಂದಾಗಿ ಬಂದವು. ಪಂಚತಂತ್ರದಲ್ಲಿ, ಪ್ರಜಾತಂತ್ರದಲ್ಲಿ, ಸ್ವಾತಂತ್ರ್ಯದಲ್ಲಿ, ಕೊನೆಗೆ ಕುತಂತ್ರದಲ್ಲೂ ಇರುವುದು ಅದೇ. ‘ತಾಂತ್ರಿಕ’ ಎಂಬ ವಿಶೇಷಣದ ಪಾಡು ಇನ್ನೂ ಸ್ವಾರಸ್ಯವಾದದ್ದು. ಸ್ಮಶಾನದಲ್ಲಿ ಕೂತು ಸಾಧನೆ ಮಾಡುವವನೂ ತಾಂತ್ರಿಕ, ಸರ್ವರ್ ರೂಮಿನಲ್ಲಿ ಕೂತವನ ಕೆಲಸವೂ ತಾಂತ್ರಿಕ. ಎರಡು ಕಡೆಯೂ ಏನು ನಡೆಯುತ್ತಿದೆಯೆಂದು ಹೊರಗೆ ನಿಂತವನಿಗೆ ತಿಳಿಯದು, ಕೇಳುವ ಧೈರ್ಯವೂ ಬಾರದು.

*

ಆಧುನಿಕ ಯುರೋಪಿನಲ್ಲಿ ಈ ಪದಕ್ಕೆ ಹೊಸ ಜೀವ ಕೊಟ್ಟವರಲ್ಲಿ ಮುಖ್ಯನಾದವನು ಗಾಟಿಂಗೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯೋಹಾನ್ ಬೆಕ್‌ಮನ್. 1777ರಲ್ಲಿ ಅವನು ‘ಟೆಕ್ನೊಲೊಗಿ’ ಕಲಿಯುವವರಿಗಾಗಿ ಒಂದು ಕೈಪಿಡಿ ಪ್ರಕಟಿಸಿದ. ನೇಕಾರ, ಚಮ್ಮಾರ, ಕಾಗದ ಮಾಡುವವರು, ಬಣ್ಣ ಹಾಕುವವರು ಕಚ್ಚಾ ವಸ್ತುವನ್ನು ಹೇಗೆ ಬಳಕೆಯ ವಸ್ತುವಾಗಿಸುತ್ತಾರೆ ಎಂಬುದರ ವಿವರಣೆ ಅದು. ರಾಜ್ಯದ ಅಧಿಕಾರಿಗಳಾಗುವ ವಿದ್ಯಾರ್ಥಿಗಳಿಗೆ ಈ ಕಸುಬುಗಳ ತಿಳಿವಳಿಕೆ ಬೇಕೆಂಬುದು ಅವನ ವಾದ. ಕೈಕೆಲಸವನ್ನು ವಿಶ್ವವಿದ್ಯಾಲಯದ ಒಳಗೆ ಕರೆತಂದದ್ದು ದೊಡ್ಡ ಸಂಗತಿ, ಆದರೆ ಅದರ ಜೊತೆ ಇನ್ನೊಂದೂ ನಡೆಯಿತು. ಕಸುಬಿನ ಅರಿವು ಕಸುಬುದಾರನ ಕೈಯಿಂದ ಬಿಡಿಸಿಕೊಂಡು ಪುಸ್ತಕಕ್ಕೆ ಬಂತು; ಅದನ್ನು ಓದಿದವನು ಕಸುಬುದಾರನ ಮೇಲೆ ಅಧಿಕಾರಿಯಾದ.

ಅಮೆರಿಕದಲ್ಲಿ ಹಾರ್ವರ್ಡಿನ ಜೇಕಬ್ ಬಿಗಲೋ 1829ರಲ್ಲಿ ತನ್ನ ಉಪನ್ಯಾಸಗಳ ಪುಸ್ತಕಕ್ಕೆ ‘ಎಲಿಮೆಂಟ್ಸ್ ಆಫ್ ಟೆಕ್ನಾಲಜಿ’ ಎಂಬ ಹೆಸರಿಟ್ಟ. ಪದ ಜನರಿಗೆ ಹಿಡಿಸಿದಂತೆ ಕಾಣುವುದಿಲ್ಲ. 1840ರಲ್ಲಿ ಅದೇ ಪುಸ್ತಕ ಮತ್ತೆ ಬಂದಾಗ ಶೀರ್ಷಿಕೆಯಿಂದ ಟೆಕ್ನಾಲಜಿ ಹೋಗಿ ‘ಉಪಯುಕ್ತ ಕಲೆಗಳು’ ಎಂಬುದು ಬಂತು. ಆ ಕಾಲದಲ್ಲಿ ಜನ ಆಡುತ್ತಿದ್ದ ಮಾತು ಅದೇ: ಉಪಯುಕ್ತ ಕಲೆಗಳು, ಯಾಂತ್ರಿಕ ಕಲೆಗಳು. 1861ರಲ್ಲಿ ಸ್ಥಾಪನೆಯಾದ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹೆಸರಿನಲ್ಲೂ ಈ ಪದಕ್ಕೆ ಅಧ್ಯಯನದ ವಿಷಯ ಎಂಬ ಅರ್ಥವೇ ಇತ್ತು. ಭೂಗೋಳಶಾಸ್ತ್ರವನ್ನು ಯಾರಾದರೂ ‘ಓಡಿಸಲು’ ಸಾಧ್ಯವೆ? ಹಾಗೆಯೇ ಆಗ ಟೆಕ್ನಾಲಜಿಯನ್ನು ಕೊಳ್ಳಲು, ಮಾರಲು, ಕೈಯಲ್ಲಿ ಹಿಡಿಯಲು ಬರುತ್ತಿರಲಿಲ್ಲ.

ತಿರುವು ಬಂದದ್ದು 20ನೆಯ ಶತಮಾನದ ಆರಂಭದಲ್ಲಿ. ಜರ್ಮನ್ನಿನಲ್ಲಿ ‘ಟೆಕ್ನಿಕ್’ ಮತ್ತು ‘ಟೆಕ್ನೊಲೊಗಿ’ ಬೇರೆ ಬೇರೆ ಪದಗಳು. ಮೊದಲನೆಯದು ಉತ್ಪಾದನೆಯ ವಿಧಾನ, ಯಂತ್ರ, ಕಾರ್ಖಾನೆ ಎಲ್ಲ ಸೇರಿದ ಲೋಕ; ಎರಡನೆಯದು ಅದರ ಶಾಸ್ತ್ರ. ಅರ್ಥಶಾಸ್ತ್ರಜ್ಞ ಥಾರ್ಸ್ಟೈನ್ ವೆಬ್ಲೆನ್‌ನಂಥವರು ಜರ್ಮನ್ನಿನ ‘ಟೆಕ್ನಿಕ್’ ಕುರಿತ ಚರ್ಚೆಯನ್ನು ಇಂಗ್ಲಿಷಿಗೆ ತಂದಾಗ ಎರಡೂ ‘ಟೆಕ್ನಾಲಜಿ’ ಎಂಬ ಒಂದೇ ಚೀಲದೊಳಗೆ ಬಿದ್ದವು ಎಂದು ಇತಿಹಾಸಕಾರ ಎರಿಕ್ ಶಾಟ್ಸ್‌ಬರ್ಗ್ ತೋರಿಸಿಕೊಟ್ಟಿದ್ದಾರೆ. ಶಾಸ್ತ್ರದ ಹೆಸರು ವಸ್ತುವಿನ ಹೆಸರಾಯಿತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅದು ಚರಿತ್ರೆಯನ್ನು ನಡೆಸುವ ಒಂದು ಶಕ್ತಿಯ ಹೆಸರಾಯಿತು.

ಸಾಹಿತ್ಯ ವಿಮರ್ಶಕ ಲಿಯೋ ಮಾರ್ಕ್ಸ್ 1997ರ ತನ್ನ ಪ್ರಬಂಧದಲ್ಲಿ ಟೆಕ್ನಾಲಜಿಯನ್ನು ಒಂದು ಅಪಾಯಕಾರಿ ಪರಿಕಲ್ಪನೆ ಎಂದು ಕರೆದದ್ದು ಈ ಕಾರಣಕ್ಕೆ. ಅವರು ಕೊಡುವ ಉದಾಹರಣೆ ರೈಲ್ವೆಯದು. ರೈಲ್ವೆ ಎಂದರೆ ಉಗಿಬಂಡಿಯೊಂದೇ ಅಲ್ಲ. ಹಳಿ, ಸೇತುವೆ, ಟೆಲಿಗ್ರಾಫ್, ಭಾರಿ ಬಂಡವಾಳ, ತರಬೇತಾದ ನೌಕರರು, ಊರೂರಿನ ಗಡಿಯಾರಗಳನ್ನು ಒಂದೇ ಹೊತ್ತಿಗೆ ಹೊಂದಿಸುವ ನಿಯಮ, ಭೂಮಿ ಕೊಟ್ಟ ಸರ್ಕಾರ ಎಲ್ಲವೂ ಸೇರಿ ರೈಲ್ವೆ. ಇಂಥ ದೊಡ್ಡ ಜಾಲವನ್ನು ‘ಯಾಂತ್ರಿಕ ಕಲೆ’ ಎಂಬ ಹಳೆಯ ಮಾತು ಹಿಡಿದಿಡಲಾರದೆ ಹೋಯಿತು, ಹೊಸ ಪದ ಬೇಕಾಯಿತು. ಆದರೆ ಬಂದ ಪದ ಎಷ್ಟು ನುಣುಪಾಗಿತ್ತೆಂದರೆ ಬಂಡವಾಳವೂ ಸರ್ಕಾರವೂ ನೌಕರರೂ ಅದರ ಮೇಲಿಂದ ಜಾರಿಹೋದರು. ಎಂಜಿನ್ನಿನ ಚಿತ್ರವೊಂದೇ ಉಳಿಯಿತು.

ಆಮೇಲಿನದು ನಮಗೆ ಗೊತ್ತಿರುವ ಕಥೆ. 1958ರಲ್ಲಿ ಹೆರಾಲ್ಡ್ ಲೆವಿಟ್ ಮತ್ತು ಥಾಮಸ್ ವಿಸ್ಲರ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ, ಇನ್ನೂ ಹೆಸರಿಲ್ಲದ ಹೊಸ ವಿದ್ಯೆಯೊಂದಕ್ಕೆ ‘ಇನ್‌ಫರ್ಮೇಶನ್ ಟೆಕ್ನಾಲಜಿ’ ಎಂದು ಹೆಸರಿಟ್ಟರು. ನಮ್ಮಲ್ಲಿ ಅದು ಮಾಹಿತಿ ತಂತ್ರಜ್ಞಾನವಾಯಿತು, ಐಟಿ ಆಯಿತು. ಕೊನೆಗೆ ‘ಟೆಕ್’ ಎಂಬ ಒಂದೇ ಅಕ್ಷರಗುಚ್ಛ ಉಳಿಯಿತು.

*

ಈ ಸವೆತದಿಂದ ಆದ ಮೊದಲ ನಷ್ಟ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಇಂದು ‘ಅವನು ಟೆಕ್‌ನಲ್ಲಿದ್ದಾನೆ’ ಎಂದರೆ ಕಂಪ್ಯೂಟರ್ ಮುಂದೆ ಕೂತಿದ್ದಾನೆ ಎಂದರ್ಥ. ಬೋರ್‌ವೆಲ್ ಮೋಟಾರಿನ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವ ರಿಪೇರಿಯವನು ಟೆಕ್‌ನಲ್ಲಿಲ್ಲ. ಕಥೆಗಾರ್ತಿ ಅರ್ಸುಲಾ ಲೆ ಗ್ವಿನ್‌ಗೆ ಅವರ ಕಥೆಗಳಲ್ಲಿ ತಂತ್ರಜ್ಞಾನ ಕಡಿಮೆ ಎಂಬ ದೂರು ಎದುರಾದಾಗ ಅವರು ರೇಗಿ ಒಂದು ಟಿಪ್ಪಣಿ ಬರೆದರು. ಜನ ಅನ್ನ, ಬಟ್ಟೆ, ಸೂರು, ಮದ್ದು ಇವನ್ನು ಹೇಗೆ ದಕ್ಕಿಸಿಕೊಳ್ಳುತ್ತಾರೆ ಎಂಬುದೇ ತಂತ್ರಜ್ಞಾನ, ಅದು ಕಳೆದ ಕೆಲವು ದಶಕಗಳ ದುಬಾರಿ ಯಂತ್ರಗಳ ಹೆಸರಲ್ಲ ಎಂಬುದು ಅವರ ಮಾತಿನ ಸಾರ. ಇತಿಹಾಸಕಾರ ಡೇವಿಡ್ ಎಡ್ಜರ್ಟನ್ 2006ರ ತಮ್ಮ ಪುಸ್ತಕದಲ್ಲಿ ಇದನ್ನೇ ಇನ್ನೊಂದು ದಿಕ್ಕಿನಿಂದ ಹೇಳುತ್ತಾರೆ: ಯಾವುದು ಹೊಸದಾಗಿ ಹುಟ್ಟಿತು ಎಂದು ಕೇಳುವ ಬದಲು ಯಾವುದು ಬಳಕೆಯಲ್ಲಿದೆ ಎಂದು ಕೇಳಿದರೆ ಚರಿತ್ರೆಯೇ ಬೇರೆಯಾಗುತ್ತದೆ.

ಒಮ್ಮೆ ರಜೆಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ. ಈ ಎರಡು ಹಾಸಿನ ಎಳೆಗಳನ್ನು ಒಂದಕ್ಕೊಂದು ಕುಣಿಕೆಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಈ ಜೋಡಣೆಯ ಕಾರಣಕ್ಕೆ ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ತಯಾರಾಗಬೇಕು. ಗೆಳೆಯನ ಅವ್ವ ಮಾತಾಡುತ್ತಲೇ ಎಳೆ ಸಿಕ್ಕಿಸುತ್ತಿದ್ದರು. ಬೆರಳು ಎಳೆಯನ್ನು ಹುಡುಕುತ್ತಿರಲಿಲ್ಲ, ಎಳೆಯೇ ಬೆರಳಿಗೆ ಬರುತ್ತಿತ್ತು. ‘ಇದಕ್ಕ ಎಷ್ಟು ವರ್ಷ ಕಲೀಬೇಕವ್ವಾ?’ ಎಂದು ಕೇಳಿದೆ. ‘ಕಲಿಯೂದೇನು ಬಂತಪ್ಪಾ, ಇದೇನ್ ದೊಡ್ಡ ವಿದ್ಯೆ?’ ಎಂದರು. ಅರಿಸ್ಟಾಟಲನ ಪ್ರಕಾರ ಆ ಮನೆಯಲ್ಲಿ ಟೆಕ್ನೆ ಇದ್ದದ್ದು ಅವರಲ್ಲಿ. ಇಂದಿನ ಮಾತಿನ ಪ್ರಕಾರ ಆ ಮನೆಯಲ್ಲಿದ್ದ ಟೆಕ್ನಾಲಜಿ ಎಂದರೆ ಮಗನ ಲ್ಯಾಪ್‌ಟಾಪ್. ಪದ ಕಿರಿದಾದರೆ ಕಿರಿದಾಗುವುದು ಪದವೊಂದೇ ಅಲ್ಲ. ತನ್ನದು ವಿದ್ಯೆಯೇ ಅಲ್ಲ ಎಂದು ಆ ತಾಯಿಗೆ ಅನ್ನಿಸಿಬಿಟ್ಟಿದೆ.

*

ಎರಡನೆಯ ನಷ್ಟ ಇದಕ್ಕಿಂತ ಆಳದ್ದು. ಅದನ್ನು ವಿವರಿಸಲು ನಾನು ಹೈಸ್ಕೂಲಿನ ವ್ಯಾಕರಣಕ್ಕೆ ಹೋಗಬೇಕು.

‘ರಾಮನು ಕೊಡಲಿಯಿಂದ ಮರವನ್ನು ಕಡಿದನು.’ ಪ್ರಥಮಾ ವಿಭಕ್ತಿಯಲ್ಲಿ ರಾಮ, ಅವನು ಕರ್ತೃ. ತೃತೀಯಾ ವಿಭಕ್ತಿಯಲ್ಲಿ ಕೊಡಲಿ, ಅದು ಕರಣ. ಪಾಣಿನಿ ಕರ್ತೃವಿಗೆ ಕೊಟ್ಟ ಲಕ್ಷಣ ತೀರ ಚಿಕ್ಕದು: ಕ್ರಿಯೆಯಲ್ಲಿ ಯಾವುದು ಸ್ವತಂತ್ರವೋ ಅದು ಕರ್ತೃ. ಕರಣ ಎಂದರೆ ಆ ಕ್ರಿಯೆಗೆ ಎಲ್ಲಕ್ಕಿಂತ ಹೆಚ್ಚು ನೆರವಾಗುವ ಸಾಧನ. ಇಲ್ಲಿಯೂ ನಮ್ಮ ತಂತ್ರ ಬಂದು ಕೂತಿರುವುದನ್ನು ಗಮನಿಸಿ. ತನ್ನ ಹಾಸು ತನ್ನದೇ ಆಗಿರುವವನು ಸ್ವತಂತ್ರ.

ಆದರೆ ಜನ ಹಾಗೆ ಮಾತಾಡುವುದಿಲ್ಲವಲ್ಲ. ‘ಈ ಕೊಡಲಿ ಚೆನ್ನಾಗಿ ಕಡಿಯುತ್ತದೆ’ ಎನ್ನುತ್ತೇವೆ. ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಇದನ್ನು ಎತ್ತಿಕೊಂಡು ಚರ್ಚಿಸುತ್ತಾನೆ. ಅಡುಗೆ ಮಾಡುವವನು ದೇವದತ್ತ. ಆದರೂ ಮಡಕೆ ಬೇಯಿಸುತ್ತದೆ ಎನ್ನುವುದುಂಟು, ಸೌದೆ ಬೇಯಿಸುತ್ತದೆ ಎನ್ನುವುದುಂಟು. ಹಾಗಾದರೆ ಮಡಕೆ ಸ್ವತಂತ್ರವೋ ಪರತಂತ್ರವೋ? ಮುಖ್ಯನಾದವನು ಜೊತೆಯಲ್ಲಿರುವಾಗ ಅದು ಪರತಂತ್ರ, ಅವನು ಮರೆಯಾದಾಗ ಸ್ವತಂತ್ರ ಎಂಬುದು ಅವನ ಉತ್ತರ. ಅದಕ್ಕೆ ಕೊಡುವ ಹೋಲಿಕೆ ಅಮಾತ್ಯರದು. ರಾಜನ ಸಮ್ಮುಖದಲ್ಲಿ ಅವರು ಅಧೀನರು; ರಾಜ ಇಲ್ಲದ ಕಡೆ ಅವರೇ ಸ್ವತಂತ್ರರು. ಯಾವುದನ್ನು ಕರ್ತೃವಾಗಿಸಬೇಕೆಂಬುದು ‘ವಿವಕ್ಷೆ’ಗೆ, ಅಂದರೆ ಹೇಳುವವನ ಇಚ್ಛೆಗೆ ಬಿಟ್ಟದ್ದು ಎಂದು ವ್ಯಾಕರಣಕಾರರು ಒಪ್ಪುತ್ತಾರೆ.

ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ವಿವೇಚನೆ ನಮ್ಮ ಕಾಲದ ಪತ್ರಿಕೆ ಓದಲು ಬೇಕಾದ ಕನ್ನಡಕ ಎಂದು ನನಗೆ ಅನ್ನಿಸುತ್ತದೆ. ‘ತಂತ್ರಜ್ಞಾನ ಉದ್ಯೋಗಗಳನ್ನು ಕಸಿಯುತ್ತಿದೆ.’ ‘ಕೃತಕ ಬುದ್ಧಿಮತ್ತೆ ಶಿಕ್ಷಣವನ್ನು ಬದಲಿಸಲಿದೆ.’ ‘ಸಿಸ್ಟಂ ಒಪ್ಪುತ್ತಿಲ್ಲ.’ ಇವು ಮಡಕೆ ಬೇಯಿಸುತ್ತದೆ ಎಂಬಂಥ ವಾಕ್ಯಗಳು. ತಪ್ಪು ವಾಕ್ಯಗಳೇನಲ್ಲ. ಆದರೆ ಅವುಗಳಲ್ಲಿ ದೇವದತ್ತ ಮರೆಯಾಗಿದ್ದಾನೆ. ಯಾರ ವಿವಕ್ಷೆಯಿಂದ ಮರೆಯಾದ ಎಂಬುದು ಕೇಳಬೇಕಾದ ಪ್ರಶ್ನೆ. ಕನ್ನಡದಲ್ಲಿ ಇದಕ್ಕೆ ಇನ್ನೂ ಒಂದು ಅನುಕೂಲವಿದೆ. ನಮ್ಮ ಕಚೇರಿಯ ಭಾಷೆಯಲ್ಲಿ ‘ಮಾಡು’ ಎಂಬ ಧಾತು ಅಪರೂಪ, ಎಲ್ಲವೂ ‘ಆಗು’ತ್ತದೆ. ವಿಳಂಬ ಮಾಡಿದ್ದೇವೆ ಎಂದು ಯಾರೂ ಬರೆಯುವುದಿಲ್ಲ. ವಿಳಂಬವಾಗಿದೆ, ವ್ಯತ್ಯಯವಾಗಿದೆ, ರದ್ದಾಗಿದೆ. ‘ತಾಂತ್ರಿಕ’ವೂ ‘ಆಗು’ವೂ ಕೂಡಿದರೆ ಯಾವ ತಪ್ಪಿಗೂ ತಂದೆ ತಾಯಿ ಇರುವುದಿಲ್ಲ.

ಯಂತ್ರ ಒಡೆದವರೆಂದೇ ಹೆಸರಾದ ಇಂಗ್ಲೆಂಡಿನ ಲಡ್ಡೈಟರನ್ನು ಇಲ್ಲಿ ನೆನೆಯಬೇಕು. 1811ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಕಾಲುಚೀಲ ಹೆಣೆಯುವ ಕೆಲಸಗಾರರು ಹೆಣಿಗೆಯ ಚೌಕಟ್ಟುಗಳನ್ನು ಒಡೆಯತೊಡಗಿದರು. ಮರುವರ್ಷ ಬ್ರಿಟಿಷ್ ಪಾರ್ಲಿಮೆಂಟ್ ಆ ಅಪರಾಧಕ್ಕೆ ಮರಣದಂಡನೆಯ ಕಾನೂನು ಮಾಡಿತು. ಕವಿ ಬೈರನ್ ಮೇಲ್ಮನೆಯಲ್ಲಿ ತನ್ನ ಮೊದಲ ಭಾಷಣ ಮಾಡಿದ್ದು ಅದನ್ನು ವಿರೋಧಿಸಿ. ಇಂದು ‘ಲಡ್ಡೈಟ್’ ಎಂದರೆ ತಂತ್ರಜ್ಞಾನದ ವೈರಿ. ಆದರೆ ಅವರ ಕಾಲದಲ್ಲಿ ಇಂದಿನ ಅರ್ಥದ ‘ಟೆಕ್ನಾಲಜಿ’ ಎಂಬ ಪದವೇ ಇರಲಿಲ್ಲ. ಆ ಚೌಕಟ್ಟುಗಳು ಅವರಿಗೆ ಹೊಸವೂ ಅಲ್ಲ. ತಲೆಮಾರುಗಳಿಂದ ಅವನ್ನು ನಡೆಸುತ್ತಿದ್ದವರು ಅವರೇ. ಅವರು ಎಲ್ಲ ಚೌಕಟ್ಟುಗಳನ್ನೂ ಒಡೆಯಲಿಲ್ಲ. ಕೂಲಿ ಕಡಿತ ಮಾಡಿದ, ಕಳಪೆ ಮಾಲು ತಯಾರಿಸಿ ಕಸುಬಿನ ಮಾನ ಕಳೆದ ಮಾಲೀಕರವನ್ನು ಹುಡುಕಿ ಒಡೆದರು, ಸರಿಯಾದ ದರ ಕೊಡುವವರವನ್ನು ಬಿಟ್ಟರು. ಒಡೆಯುವುದು ಸರಿಯೆಂದು ನಾನು ವಾದಿಸುತ್ತಿಲ್ಲ. ಅವರ ಸಿಟ್ಟಿಗೆ ವಿಳಾಸ ಇತ್ತು ಎಂದಷ್ಟೇ ಹೇಳುತ್ತಿದ್ದೇನೆ. ನನ್ನ ಗೆಳೆಯನಿಗೆ ಸಿಗದೆ ಹೋದದ್ದು ಅದೇ.

*

ಅದೇ ಇಂಗ್ಲೆಂಡಿನಲ್ಲಿ ನಮ್ಮ ಕಾಲದಲ್ಲೇ ನಡೆದ ಒಂದು ಸಂಗತಿ ಈ ಪ್ರಶ್ನೆಯನ್ನು ನ್ಯಾಯಾಲಯದ ಕಟಕಟೆಗೆ ತಂದಿತು. ಅಲ್ಲಿನ ಅಂಚೆ ಸಂಸ್ಥೆ 1999ರ ಸುಮಾರಿಗೆ ‘ಹೊರೈಝನ್’ ಎಂಬ ಗಣಕ ವ್ಯವಸ್ಥೆಯನ್ನು ಊರೂರಿನ ಅಂಚೆ ಕಚೇರಿಗಳಿಗೆ ತಂದಿತು. ಈ ಕಚೇರಿಗಳನ್ನು ನಡೆಸುವ ಸಬ್ ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಲ್ಲಿ ಹಣ ಕಡಿಮೆ ಬೀಳತೊಡಗಿತು. ನಾವು ಕದ್ದಿಲ್ಲ, ಲೆಕ್ಕದ ಯಂತ್ರದಲ್ಲೇ ದೋಷವಿದೆ ಎಂದು ಅವರು ಗೋಗರೆದರು. ಸಂಸ್ಥೆ ಒಪ್ಪಲಿಲ್ಲ. ಗಣಕ ಸರಿಯಾಗಿಯೇ ಕೆಲಸ ಮಾಡುತ್ತಿತ್ತು ಎಂದು ಭಾವಿಸಿ ಮುಂದುವರಿಯುವುದು ಅಲ್ಲಿನ ಕಾನೂನಿನ ರೂಢಿಯಾಗಿತ್ತು. 2015ರವರೆಗೆ 900ಕ್ಕೂ ಹೆಚ್ಚು ಜನ ಅಪರಾಧಿಗಳೆನಿಸಿದರು. ಹಲವರು ಜೈಲಿಗೆ ಹೋದರು, ಅವರಲ್ಲಿ ಒಬ್ಬಾಕೆ ಗರ್ಭಿಣಿ. ಮನೆ ಮಾರಿದವರು, ದಿವಾಳಿಯಾದವರು, ಪ್ರಾಣ ಕಳೆದುಕೊಂಡವರು ಇದ್ದಾರೆ. ಅಲನ್ ಬೇಟ್ಸ್ ಎಂಬ ಸಬ್ ಪೋಸ್ಟ್‌ಮಾಸ್ಟರ್ ಮುಂದಾಳಾಗಿ 555 ಮಂದಿ ದಾವೆ ಹೂಡಿದರು. ಆ ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು 2019ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿತು. 2024ರಲ್ಲಿ ಪಾರ್ಲಿಮೆಂಟ್ ವಿಶೇಷ ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ಒಟ್ಟಾಗಿ ಅಳಿಸಬೇಕಾಯಿತು.

ಈ ಪ್ರಕರಣವನ್ನು ನಮ್ಮ ಸೂಚನಾ ಫಲಕದ ಪಕ್ಕದಲ್ಲಿಟ್ಟು ನೋಡಿದಾಗ ಒಂದು ವಿಷಯ ಸ್ಪಷ್ಟವಾಯಿತು. ಸಂಸ್ಥೆ ತಪ್ಪು ಮಾಡಿದಾಗ ಅದು ‘ತಾಂತ್ರಿಕ ದೋಷ’. ಯಂತ್ರಕ್ಕೆ ತಪ್ಪುವುದು ಸಹಜ, ಯಾರೂ ಹೊಣೆಯಲ್ಲ. ಎದುರಿಗಿರುವ ಬಡಪಾಯಿಯ ಮೇಲೆ ಆರೋಪ ಬಂದಾಗ ‘ಸಿಸ್ಟಂ ತೋರಿಸುತ್ತಿದೆ’. ಯಂತ್ರ ತಪ್ಪುವುದೇ ಇಲ್ಲ, ನೀನೇ ಹೊಣೆ. ಒಂದೇ ಯಂತ್ರ ಒಂದು ಸಲ ಮಗುವಿನ ಹಾಗೆ ಮುಗ್ಧ, ಇನ್ನೊಂದು ಸಲ ದೇವರ ಹಾಗೆ ಸರ್ವಜ್ಞ. ಎರಡೂ ಸಲ ಕಣ್ಮರೆಯಾಗುವವನು ಒಬ್ಬನೇ: ತೀರ್ಮಾನ ತೆಗೆದುಕೊಂಡ ಮನುಷ್ಯ. ಪತಂಜಲಿಯ ಅಮಾತ್ಯರು ರಾಜನನ್ನು ಮರೆಗೆ ಸರಿಸಿರಲಿಲ್ಲ, ಅವನಿಲ್ಲದಾಗ ಸ್ವತಂತ್ರರಾದರು ಅಷ್ಟೆ. ನಮ್ಮ ಕಾಲದಲ್ಲಿ ರಾಜನೇ ಅಮಾತ್ಯನ ಹಿಂದೆ ಅಡಗಿ ಕೂರುತ್ತಾನೆ.

*

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ತಂತ್ರಜ್ಞಾನ ಎಂದರೆ ಬರೀ ಕೊಡಲಿಯೆ? ಕೊಡಲಿಯನ್ನು ಕೆಳಗಿಡಬಹುದು. ಸ್ಮಾರ್ಟ್‌ಫೋನ್ ಇಲ್ಲದೆ ಇಂದು ಪರೀಕ್ಷಾ ಶುಲ್ಕ ಕಟ್ಟಲೂ ಆಗದು. ತಂತ್ರಜ್ಞಾನವನ್ನು ಉಪಕರಣ ಎಂದು ಹೇಳುವುದು ತಪ್ಪಲ್ಲದಿದ್ದರೂ ಅದು ಅದರ ತಿರುಳನ್ನು ಮುಟ್ಟುವುದಿಲ್ಲ ಎಂದು ಹೈಡೆಗರ್ 1950ರ ದಶಕದಲ್ಲೇ ವಾದಿಸಿದ್ದ. ಅದು ಜಗತ್ತನ್ನು ನಾವು ಕಾಣುವ ಬಗೆಯನ್ನೇ ಬದಲಿಸುತ್ತದೆ ಎಂಬುದು ಅವನ ನಿಲುವು. ಮಗ್ಗ ನೇಕಾರನ ಬೆನ್ನನ್ನು ಬಗ್ಗಿಸುವ ಹಾಗೆ ಯಾವ ಸಲಕರಣೆಯೂ ಬಳಸುವವನನ್ನು ತಿದ್ದುತ್ತದೆ ಎಂಬುದೂ ನಿಜ. ಹಾಗಿರುವಾಗ ಎಲ್ಲದಕ್ಕೂ ಒಬ್ಬ ಮನುಷ್ಯನನ್ನು ಹಿಡಿದು ತಂದು ಕರ್ತೃ ಎಂದು ಕೂರಿಸುವುದು ಬಾಲಿಶ ಅಲ್ಲವೆ?

ಎಷ್ಟೋ ದಿನ ನನಗೆ ಇದಕ್ಕೆ ಉತ್ತರ ಹೊಳೆದಿರಲಿಲ್ಲ. ಈಗ ಅನ್ನಿಸುತ್ತದೆ, ನಮ್ಮ ಪದದಲ್ಲೇ ಅದರ ಸುಳಿವಿದೆ. ತಂತ್ರ ಎಂದರೆ ಕೊಡಲಿಯಂಥ ಬಿಡಿ ಸಾಧನವಲ್ಲ. ಅದು ಹಾಸು; ಸಾವಿರ ಎಳೆಗಳನ್ನು ಬಿಗಿದು ಕಟ್ಟಿದ ವ್ಯವಸ್ಥೆ. ಹಾಸು ಹೇಗಿದೆಯೋ ಬಟ್ಟೆ ಹಾಗೆ ಬರುತ್ತದೆ. ಲಾಳಿ ಆ ಚೌಕಟ್ಟಿನೊಳಗೇ ಓಡಬೇಕು. ಆದ್ದರಿಂದ ತಂತ್ರಕ್ಕೆ ನಮ್ಮನ್ನು ಕಟ್ಟಿಹಾಕುವ ಬಲ ಇದೆ ಎಂಬುದನ್ನು ಒಪ್ಪೋಣ. ಆದರೆ ಹಾಸು ತಾನಾಗಿ ಹಾಸಿಕೊಳ್ಳುವುದಿಲ್ಲ. ಅದನ್ನು ಯಾರೋ ಲೆಕ್ಕ ಹಾಕಿ, ಬಣ್ಣ ಆರಿಸಿ, ಎಳೆ ಎಣಿಸಿ ಹಾಸಿರುತ್ತಾರೆ. ಯಾವ ಎಳೆ ಬಿಡಬೇಕೆಂದೂ ಅವರೇ ತೀರ್ಮಾನಿಸಿರುತ್ತಾರೆ. ಪ್ರಜಾತಂತ್ರ, ರಾಜತಂತ್ರ ಎನ್ನುವಾಗ ನಾವು ಕೂಡಲೇ ಕೇಳುತ್ತೇವೆ: ಆಳುವವರು ಯಾರು, ಅವರನ್ನು ಆರಿಸಿದವರು ಯಾರು, ಇಳಿಸುವ ದಾರಿ ಯಾವುದು? ತಂತ್ರಜ್ಞಾನದಲ್ಲೂ ಇರುವುದು ಅದೇ ತಂತ್ರ. ಅಲ್ಲಿ ಮಾತ್ರ ಈ ಪ್ರಶ್ನೆಗಳು ಯಾಕೆ ನಮ್ಮ ಗಂಟಲಲ್ಲೇ ಉಳಿಯುತ್ತವೆ?

ಆ ಹಾಸು ಯಾರದು? ಅದರೊಳಗೆ ನಾನು ಸ್ವತಂತ್ರನೋ ಪರತಂತ್ರನೋ? ಈ ಎರಡು ಪ್ರಶ್ನೆಗಳನ್ನು ಕೇಳಲು ಯಾರಿಗೂ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಒಂದು ಸಣ್ಣ ಅಭ್ಯಾಸ ಸಾಕು. ‘ತಂತ್ರಜ್ಞಾನವು’ ಎಂದು ಶುರುವಾಗುವ ವಾಕ್ಯ ಎದುರಾದಾಗಲೆಲ್ಲ ಅದನ್ನು ‘ತಂತ್ರಜ್ಞಾನದಿಂದ’ ಎಂದು ಬದಲಿಸಿ, ಮೊದಲಿಗೆ ಖಾಲಿಬಿದ್ದ ಜಾಗದಲ್ಲಿ ಯಾರ ಹೆಸರು ಬರಬೇಕೆಂದು ಹುಡುಕಬೇಕು. ‘ತಂತ್ರಜ್ಞಾನವು ಉದ್ಯೋಗ ಕಸಿಯಿತು’ ಎಂಬುದು ‘ಇಂಥವರು ತಂತ್ರಜ್ಞಾನದಿಂದ ಉದ್ಯೋಗ ಕಸಿದರು’ ಎಂದಾಗುತ್ತದೆ. ಕೆಲವು ಸಲ ಆ ಜಾಗದಲ್ಲಿ ಒಂದು ಕಂಪನಿ ಬರುತ್ತದೆ, ಕೆಲವು ಸಲ ಒಂದು ಸರ್ಕಾರ, ಕೆಲವು ಸಲ ಅಗ್ಗಕ್ಕೆ ಆಸೆಪಟ್ಟ ನಾವೇ ಬರುತ್ತೇವೆ. ಹೆಸರು ಸಿಕ್ಕ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ. ಆದರೆ ಹೆಸರಿಲ್ಲದ ಕಡೆ ನ್ಯಾಯ ಕೇಳಲು ಹೋಗುವ ದಾರಿಯೇ ಇರುವುದಿಲ್ಲ.

ಆ ಸೂಚನೆಯನ್ನು ಹೀಗೂ ಬರೆಯಬಹುದಿತ್ತು: ‘ಹೊಸ ಅಧಿಕಾರಿಯ ಡಿಜಿಟಲ್ ಸಹಿ ನೋಂದಾಯಿಸಲು ಅರ್ಜಿ ಕಳಿಸುವುದನ್ನು ನಾವು ಮರೆತಿದ್ದೇವೆ. ಆದ್ದರಿಂದ ನಿಮ್ಮ ಶಿಷ್ಯವೇತನ ಕೊಟ್ಟಿಲ್ಲ. ಈ ಕೆಲಸದ ಹೊಣೆ ಇಂಥ ವಿಭಾಗದ ಇಂಥವರದು.’ ಮೂರೇ ವಾಕ್ಯ, ಕೆಳಗೊಂದು ಸಹಿ. ಹೀಗೆ ಬರೆದಿದ್ದರೆ ಗೆಳೆಯ ಮರುದಿನ ಬೆಳಿಗ್ಗೆಯೇ ಆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ, ಅವನ ಹಿಂದೆ ನಾವೂ ಇರುತ್ತಿದ್ದೆವು. ಅವನ ಪ್ರಬಂಧದ ಎರಡು ಅಧ್ಯಾಯಗಳ ಕರಡು ಇನ್ನೂ ನನ್ನ ಮೇಜಿನ ಮೇಲಿದೆ. ಶೀರ್ಷಿಕೆಯ ಕೆಳಗೆ ಅವನ ಹೆಸರಿದೆ.